ನಾಲ್ಕೂವರೆ ಮಿಲಿಮೀಟರ್ ದಾರಿ

ಎರಡನೇ ಮಹಾಯುದ್ಧದಲ್ಲಿ ಸೇನಾ ವೈದ್ಯರಾಗಿ ದುಡಿದು ಬಂದ ಪಾಲ್ ಹ್ಯಾರಿಂಗ್ಟನ್ ಟೆಕ್ಸಾಸಿನ ಹೂಸ್ಟನ್ನಿನಲ್ಲಿ ನೆಲೆಯೂರಿದ ಕಾಲಕ್ಕೆ ಆ ಸೀಮೆಗೆ ಪೋಲಿಯೋ ಬಡಿದಿತ್ತು. 1947ರಲ್ಲಿ ಜೆಫರ್ಸನ್ ಡೇವಿಸ್ ಆಸ್ಪತ್ರೆಯ ಪೋಲಿಯೋ ಮಕ್ಕಳ ಹೊಣೆ ಅವರ ಹೆಗಲೇರಿತು. ಜ್ವರ ಇಳಿದು ಬದುಕಿ ಉಳಿದ ಮಕ್ಕಳಲ್ಲಿ ಹಲವರ ಬೆನ್ನಿನ ಒಂದು ಬದಿಯ ಸ್ನಾಯು ಸೋತಿರುತ್ತಿತ್ತು. ಇನ್ನೊಂದು ಬದಿಯದು ಎಳೆದೂ ಎಳೆದೂ ಬೆನ್ನುಮೂಳೆ ಪಕ್ಕಕ್ಕೆ ಬಾಗಿ ತಿರುಚಿಕೊಳ್ಳುತ್ತಿತ್ತು. ಇದಕ್ಕೆ ಆಗ ಎಲ್ಲರಿಗೂ ತಿಳಿದಿದ್ದ ಮದ್ದೆಂದರೆ ಮುಂಡದ ತುಂಬ ಪ್ಲಾಸ್ಟರಿನ ಅಂಗಿ. ಉಸಿರಾಡುವ ಸ್ನಾಯುಗಳೇ ಬಲ ಕಳೆದುಕೊಂಡ ಮಗುವಿನ ಎದೆಗೆ ಪ್ಲಾಸ್ಟರ್ ಕಟ್ಟಿದರೆ ಇರುವ ಉಸಿರಿಗೂ ಸಂಚಕಾರ. ಹೊರಗಿನಿಂದ ಒತ್ತಿ ಹಿಡಿಯಲಾಗದ ಬೆನ್ನನ್ನು ಒಳಗಿನಿಂದಲೇ ಹಿಡಿದು ನಿಲ್ಲಿಸಬೇಕಿತ್ತು.

ಬಾಗಿದ ಬೆನ್ನನ್ನು ನೆಟ್ಟಗೆ ಮಾಡುವ ಹಟವೇನೂ ಹೊಸದಲ್ಲ. ಹಿಪಾಕ್ರಟಿಸ್ ಕಾಲದ ವೈದ್ಯರು ರೋಗಿಯನ್ನು ಮರದ ಹಲಗೆಗೆ ಕಟ್ಟಿ ಎರಡೂ ಕಡೆಯಿಂದ ಎಳೆಸುತ್ತಿದ್ದರು. ಹದಿನಾರನೇ ಶತಮಾನದ ಫ್ರಾನ್ಸಿನಲ್ಲಿ ಆಂಬ್ರೋಸ್ ಪಾರೆ ಯುದ್ಧಕವಚ ಮಾಡುವ ಕಮ್ಮಾರರಿಂದ ತೂತು ಕೊರೆದ ಕಬ್ಬಿಣದ ಅಂಗಿ ಮಾಡಿಸಿ ತೊಡಿಸಿದ. ನ್ಯೂಯಾರ್ಕಿನ ಲೂಯಿಸ್ ಸೇಯರ್ 1870ರ ದಶಕದಲ್ಲಿ ರೋಗಿಯ ಗಲ್ಲಕ್ಕೂ ಕಂಕುಳಿಗೂ ಪಟ್ಟಿ ಹಾಕಿ ಮೇಲಕ್ಕೆ ಎಳೆದು, ತೂಗುತ್ತಿರುವಾಗಲೇ ಪ್ಲಾಸ್ಟರ್ ಸುತ್ತಿದರು. ಅದೇ ಊರಿನ ರಸೆಲ್ ಹಿಬ್ಸ್ 1914ರಲ್ಲಿ ಚಾಕು ಹಿಡಿದರು. ಬೆನ್ನುಮೂಳೆಯ ಬಿಡಿ ಮೂಳೆಗಳಾದ ಕಶೇರುಗಳ ಹಿಂಬದಿಯನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸಿ, ಅವು ಒಂದಕ್ಕೊಂದು ಬೆಸೆದು ಒಂದೇ ಮೂಳೆಯಾಗುವಂತೆ ಮಾಡಿದರು. ಬೆಸುಗೆ ಗಟ್ಟಿಯಾಗುವ ತನಕ ಮತ್ತೆ ಅದೇ ಪ್ಲಾಸ್ಟರು, ತಿಂಗಳುಗಟ್ಟಲೆ ಹಾಸಿಗೆ.

1941ರಲ್ಲಿ ಅಮೆರಿಕನ್ ಆರ್ಥೋಪೀಡಿಕ್ ಅಸೋಸಿಯೇಷನ್ನಿನ ಸಮಿತಿಯೊಂದು 425 ರೋಗಿಗಳ ಕಡತ ಬಿಚ್ಚಿ ಕೂತಿತು. ಕೊನೆಗೆ ಹೊರಬಂದ ಲೆಕ್ಕ: ನೂರಕ್ಕೆ 69 ಮಂದಿಯಲ್ಲಿ ಫಲಿತಾಂಶ ಸಾಧಾರಣ ಇಲ್ಲವೇ ಕಳಪೆ. ವೈದ್ಯರು ತಮ್ಮ ಕೆಲಸಕ್ಕೆ ತಾವೇ ಹಾಕಿಕೊಂಡ ಈ ಅಂಕವನ್ನು ನಾನು ಬಹಳ ದೊಡ್ಡದೆಂದು ತಿಳಿಯುತ್ತೇನೆ. ಮುಂದಿನ ಎಪ್ಪತ್ತು ವರ್ಷ ಬೆನ್ನಿನ ಶಸ್ತ್ರಚಿಕಿತ್ಸೆ ಸುಧಾರಿಸಿದ್ದರಲ್ಲಿ ಹೊಸ ಸಲಕರಣೆಗಳ ಪಾಲೆಷ್ಟೋ, ಹಾಕಿದ ಸಲಕರಣೆ ಎಲ್ಲಿ ಹೋಗಿ ಕೂತಿದೆ ಎಂದು ತಿರುಗಿ ನೋಡಿ ಎಣಿಸಿದವರ ಪಾಲೂ ಅಷ್ಟೇ.

ಹ್ಯಾರಿಂಗ್ಟನ್ ಮೊದಲು ಕೈ ಹಾಕಿದ್ದು ಸ್ಕ್ರೂಗೇ. ಬೆನ್ನನ್ನು ಎಳೆದು ನೆಟ್ಟಗೆ ಮಾಡಿ, ಕಶೇರುಗಳ ಹಿಂದಿರುವ ಪುಟ್ಟ ಕೀಲುಗಳ ಅಡ್ಡಕ್ಕೆ ಸ್ಕ್ರೂ ಹೊಡೆದು ನಿಲ್ಲಿಸಿ ನೋಡಿದರು. ಆಪರೇಷನ್ ಟೇಬಲ್ಲಿನ ಮೇಲೆ ಚೆನ್ನಾಗಿಯೇ ಕಂಡ ಬೆನ್ನು ತಿಂಗಳುಗಳು ಉರುಳಿದಂತೆ ಮತ್ತೆ ಬಾಗಿತು. ಸ್ಕ್ರೂ ಬಿಟ್ಟು ಕೊಕ್ಕೆಗೆ ಬಂದರು. ಬಾಗಿನ ಮೇಲ್ತುದಿಗೊಂದು ಕೊಕ್ಕೆ, ಕೆಳತುದಿಗೊಂದು ಕೊಕ್ಕೆ, ನಡುವೆ ಹಲ್ಲು ಕೊರೆದ ಸ್ಟೀಲಿನ ಸರಳು. ಹಲ್ಲಿನಿಂದ ಹಲ್ಲಿಗೆ ಜಾಕಿ ಏರಿಸಿದ ಹಾಗೆ ಎಳೆದು ಚಾಚುವುದು. ಬೆಸುಗೆ ಇಲ್ಲದೆ ಬರೀ ಸರಳು ಹಾಕಿದಲ್ಲಿ ಅದು ಮುರಿಯಿತು, ಕೊಕ್ಕೆ ಕಳಚಿತು. ಕಡೆಗೆ ಹಿಬ್ಸ್‌ರ ಬೆಸುಗೆಯನ್ನೂ ಜೊತೆಗೆ ಸೇರಿಸಿಕೊಂಡು 1962ರಲ್ಲಿ ಪ್ರಬಂಧ ಪ್ರಕಟಿಸಿದರು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಜಗತ್ತು ಸ್ಕೋಲಿಯೋಸಿಸ್‌ಗೆ, ಅಂದರೆ ಹೀಗೆ ಪಕ್ಕಕ್ಕೆ ಬಾಗಿದ ಬೆನ್ನಿಗೆ, ಹಾಕಿದ್ದು ಹ್ಯಾರಿಂಗ್ಟನ್ ಸರಳನ್ನೇ.

ಪೋಲಿಯೋ ಲಸಿಕೆ ಬಂದ ಮೇಲೆ ರೋಗಿಗಳು ಬದಲಾದರು. ಕಾರಣವೇ ತಿಳಿಯದ, ಹತ್ತು ವರ್ಷ ದಾಟಿದ ಮಕ್ಕಳಲ್ಲಿ ಕಾಣಿಸಿಕೊಳ್ಳುವ ಬಾಗೇ ಮುಖ್ಯವಾಯಿತು. ಎಕ್ಸ್‌-ರೇ ಮೇಲೆ ಗೆರೆ ಎಳೆದು ಬಾಗನ್ನು ಡಿಗ್ರಿಯಲ್ಲಿ ಅಳೆಯುವ ಕ್ರಮವನ್ನು ನ್ಯೂಯಾರ್ಕಿನ ಜಾನ್ ಕಾಬ್ 1948ರಲ್ಲಿ ಕೊಟ್ಟಿದ್ದರು. ಹತ್ತು ಡಿಗ್ರಿ ದಾಟಿದ ಬಾಗು ಈ ವಯಸ್ಸಿನ ನೂರು ಮಕ್ಕಳಲ್ಲಿ ಎರಡು ಮೂರು ಮಂದಿಗಿರುತ್ತದೆ; ಹೆಚ್ಚಿನವರಿಗೆ ಆಪರೇಷನ್ನಿನ ಮಾತೇ ಬರುವುದಿಲ್ಲ. ಐವತ್ತರ ಆಸುಪಾಸಿಗೆ ಬಂದ ಬಾಗು ಮಾತ್ರ ಬೆಳವಣಿಗೆ ನಿಂತ ಮೇಲೂ ವರ್ಷಕ್ಕೆ ಒಂದು ಡಿಗ್ರಿಯ ಲೆಕ್ಕದಲ್ಲಿ ಏರುತ್ತಾ ಹೋಗುತ್ತದೆ. ಅಂಥವರಲ್ಲಿ ಹೆಣ್ಣುಮಕ್ಕಳೇ ಬಹುಪಾಲು. ನಮ್ಮಲ್ಲಿ ಲಂಗ ದಾವಣಿಯ, ಈಗ ಚೂಡಿದಾರದ, ಒಂದು ಹೆಗಲು ಇಳಿಬಿದ್ದಿದ್ದನ್ನು ಮೊದಲು ಕಾಣುವುದು ತಾಯಿ ಅಥವಾ ಟೈಲರು.

ಕೊಕ್ಕೆಗಳು ಕಶೇರುವನ್ನು ಹಿಡಿಯುತ್ತಿದ್ದುದು ಹಿಂಬದಿಯ ಕಮಾನಿನಲ್ಲಿ ಮಾತ್ರ. ಕಶೇರುವಿನ ರಚನೆ ಹೀಗೆ: ಮುಂದೆ ದಪ್ಪನೆಯ ದುಂಡು ಮೂಳೆ, ಹಿಂದೆ ತೆಳುವಾದ ಕಮಾನು, ಇವೆರಡರ ನಡುವಿನ ಪೊಳ್ಳಿನಲ್ಲಿ ಬೆನ್ನುಹುರಿ. ಮುಂದಿನ ದುಂಡನ್ನೂ ಹಿಂದಿನ ಕಮಾನನ್ನೂ ಎಡಕ್ಕೊಂದು ಬಲಕ್ಕೊಂದರಂತೆ ಜೋಡಿಸುವ ಗಿಡ್ಡ ಕಂಬಗಳಿಗೆ ಪೆಡಿಕಲ್ ಎಂದು ಹೆಸರು. ಹಿಂದಿನಿಂದ ಈ ಕಂಬದೊಳಗೆ ಸ್ಕ್ರೂ ಇಳಿಸಿ ಮುಂದಿನ ದುಂಡಿನ ತನಕ ಒಯ್ದರೆ ಕಶೇರು ಇಡಿಯಾಗಿ ಕೈಗೆ ಸಿಗುತ್ತದೆ, ಎಳೆಯಬಹುದು, ತಿರುಗಿಸಬಹುದು. ತೊಡಕಿರುವುದು ಕಂಬದ ಅಗಲದಲ್ಲಿ. 1987ರಲ್ಲಿ ಮೈಕೆಲ್ ಜಿಂಡ್ರಿಕ್ ಮತ್ತು ಸಂಗಡಿಗರು ಅಳೆದು ಹೇಳಿದ ಪ್ರಕಾರ, ಸೊಂಟದ ಕೊನೆಯ ಕಶೇರುವಿನಲ್ಲಿ ಪೆಡಿಕಲ್ಲಿನ ಸರಾಸರಿ ಅಗಲ 18 ಮಿಲಿಮೀಟರ್. ಎದೆಯ ಐದನೇ ಕಶೇರುವಿಗೆ ಬಂದರೆ ಅದು ನಾಲ್ಕೂವರೆ. ಒಳಗೋಡೆಯಾಚೆ ಬೆನ್ನುಹುರಿ, ಹೊರಗೋಡೆಯಾಚೆ ಪಕ್ಕೆಲುಬು, ಶ್ವಾಸಕೋಶದ ಪೊರೆ, ಇನ್ನೂ ಮುಂದೆ ಮಹಾಪಧಮನಿ. ಇದು ನೆಟ್ಟಗಿರುವ ಬೆನ್ನಿನ ಮಾತು. ಬಾಗಿದ ಬೆನ್ನಿನಲ್ಲಿ ಕಶೇರು ತಿರುಚಿಕೊಂಡಿರುತ್ತದೆ, ಬಾಗಿನ ಒಳಬದಿಯ ಪೆಡಿಕಲ್ ಮತ್ತಷ್ಟು ಸಣಕಲಾಗಿರುತ್ತದೆ, ಬೆನ್ನುಹುರಿಯೂ ಸರಿದು ಅದೇ ಗೋಡೆಗೆ ಒರಗಿಕೊಂಡಿರುತ್ತದೆ.

ಪೆಡಿಕಲ್ಲಿನೊಳಗೆ ಸ್ಕ್ರೂ ಹೋಗಬಲ್ಲದೆಂದು ಮೊದಲು ತೋರಿಸಿದವರು ಬಾಗಿದ ಬೆನ್ನಿನ ವೈದ್ಯರಲ್ಲ. ಕೆನಡಾದ ವ್ಯಾಂಕೂವರಿನ ಹ್ಯಾರಲ್ಡ್ ಬುಶೇ 1959ರಲ್ಲಿ ಸೊಂಟದ ಬೆಸುಗೆಗೆ ಬಳಸಿದ ಉದ್ದ ಸ್ಕ್ರೂಗಳು ಪೆಡಿಕಲ್ಲಿನೊಳಗೆ ಹಾದವು. 1963ರಲ್ಲಿ ಫ್ರಾನ್ಸಿನ ರೇಮಂಡ್ ರುವಾ-ಕಾಮಿ ಪೆಡಿಕಲ್ಲನ್ನೇ ಗುರಿಯಾಗಿಟ್ಟುಕೊಂಡು ಸ್ಕ್ರೂ ಹಾಕಿ, ಲೋಹದ ಪಟ್ಟಿಗೆ ಬಿಗಿದು, ಏಳು ವರ್ಷ ಕಾದು 1970ರಲ್ಲಿ ಬರೆದರು. ಮುರಿದ ಬೆನ್ನಿಗೆ, ಗೆಡ್ಡೆ ತಿಂದ ಬೆನ್ನಿಗೆ ಇದು ವರವಾಯಿತು. ಕೊಕ್ಕೆಯ ಹ್ಯಾರಿಂಗ್ಟನ್ ಕೂಡ 1969ರಲ್ಲಿ, ಸೊಂಟದ ಕಶೇರು ಮುಂದಕ್ಕೆ ಜಾರಿದ್ದ ಮಕ್ಕಳಿಗೆ ಪೆಡಿಕಲ್ ಸ್ಕ್ರೂ ಹಾಕಿದ ವರದಿ ಕೊಟ್ಟರು. ಅದೂ ಸೊಂಟದ ಅಗಲ ಪೆಡಿಕಲ್. ಬಾಗಿದ ಎದೆಬೆನ್ನಿಗೆ ಸ್ಕ್ರೂ ಹಾಕುವುದೆಂದರೆ ಇನ್ನೂ ಹಲವು ವರ್ಷ ಸರ್ಜನ್‌ಗಳ ಗುಂಪಿನಲ್ಲಿ ಹುಬ್ಬೇರಿಸುವ ಮಾತಾಗಿತ್ತು.

ಹೆದರಿಕೆಗೆ ಕಾರಣ ಇಲ್ಲದಿರಲಿಲ್ಲ. 1966ರಲ್ಲಿ ಹುಟ್ಟಿದ ಸ್ಕೋಲಿಯೋಸಿಸ್ ರಿಸರ್ಚ್ ಸೊಸೈಟಿ ತನ್ನ ಸದಸ್ಯರಿಂದ ಬಾಗಿದ ಬೆನ್ನಿನ ಆಪರೇಷನ್‌ಗಳ ಲೆಕ್ಕ ತರಿಸಿಕೊಂಡಿತು. 1975ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ನರದ ಹಾನಿ 0.72 ಶೇಕಡ, ಅಂದರೆ ಸಾವಿರದಲ್ಲಿ ಏಳು ಮಂದಿ. ಸಂಖ್ಯೆ ಚಿಕ್ಕದು. ಆದರೆ ನಡೆದುಕೊಂಡು ಆಸ್ಪತ್ರೆಗೆ ಬಂದ ಹದಿನಾಲ್ಕರ ಹುಡುಗಿ ಗಾಲಿಕುರ್ಚಿಯಲ್ಲಿ ಮನೆಗೆ ಹೋಗುವುದೆಂದರೆ ಆ ಮನೆಗೆ ಅದು ನೂರಕ್ಕೆ ನೂರು. ಅದಕ್ಕಿಂತ ಕ್ರೂರವಾದ ಸಂಗತಿ ಇನ್ನೊಂದಿತ್ತು. ಮತ್ತಿನಲ್ಲಿ ಮಲಗಿದವಳ ಕಾಲು ಹೋಗಿದೆಯೆಂಬುದು ಸರ್ಜನ್‌ಗೆ ತಿಳಿಯುತ್ತಿದ್ದುದು ಎಲ್ಲ ಹೊಲಿದು ಮುಗಿಸಿ ಎಚ್ಚರ ಬಂದ ಮೇಲೆ.

ಫ್ರಾನ್ಸಿನ ಲಿಯೋನಿನಲ್ಲಿ ಪಿಯೇರ್ ಸ್ತನಾರಾ ಇದಕ್ಕೆ ಕಂಡುಕೊಂಡ ಉಪಾಯ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಸಹೋದ್ಯೋಗಿ ವೋಝೆಲ್ ಜೊತೆ 1973ರಲ್ಲಿ ಅವರು ಬರೆದ ವಿಧಾನ ಇದು: ಬೆನ್ನು ತೆರೆದಿರುವಾಗಲೇ, ಸರಳು ಬಿಗಿದ ಕೂಡಲೇ, ರೋಗಿಯನ್ನು ಎಚ್ಚರಿಸಿ ಕೇಳುವುದು. ಹಿಂದಿನ ದಿನವೇ ಮಗುವಿಗೆ ತಿಳಿಹೇಳಿ ಅಭ್ಯಾಸ ಮಾಡಿಸಿರಬೇಕು: ‘ನಡುವೆ ನಿನ್ನನ್ನು ಕರೀತೀವಿ, ನೋವಾಗಲ್ಲ, ಹೇಳಿದಷ್ಟು ಮಾಡು, ಮತ್ತೆ ಮಲಗಿಸ್ತೀವಿ.’ ಟೇಬಲ್ಲಿನ ಮೇಲೆ ಬೋರಲು ಮಲಗಿಸಿದ ಮಗುವಿನ ಅರವಳಿಕೆಯನ್ನು ಮೆಲ್ಲಗೆ ತಗ್ಗಿಸುತ್ತಾರೆ. ಎಲ್ಲರೂ ಕೈ ಹಿಂದಕ್ಕೆ ತೆಗೆದು ನಿಲ್ಲುತ್ತಾರೆ. ಒಬ್ಬರು ಬಟ್ಟೆಯಡಿ ತಲೆ ತೂರಿಸಿ ಕೈ ಹಿಡಿದು ಹೆಸರು ಕೂಗಿ ‘ನನ್ನ ಕೈ ಬಿಗಿ ಹಿಡಿ’ ಎನ್ನುತ್ತಾರೆ. ಇನ್ನೊಬ್ಬರು ಕಾಲ ಬಳಿ ಬಗ್ಗಿ ಬೆರಳುಗಳನ್ನೇ ದಿಟ್ಟಿಸುತ್ತಾರೆ. ಕೈ ಬಿಗಿ ಹಿಡಿಯಿತೆಂದರೆ ಮಾತು ಕೇಳಿಸಿದೆ ಎಂದರ್ಥ. ಆಮೇಲೆ ‘ಕಾಲ್ಬೆರಳು ಆಡಿಸು.’ ಬೆರಳು ಆಡಿತೋ, ಎಲ್ಲರಿಗೂ ಉಸಿರು ಬರುತ್ತದೆ. ಕೈ ಹಿಡಿದ ಮಗು ಕಾಲು ಆಡಿಸದಿದ್ದರೆ ಸರಳನ್ನು ಕೂಡಲೇ ಸಡಿಲಿಸುವುದು, ತೆಗೆಯುವುದು. ಬೆಚ್ಚಿಬಿದ್ದ ಮಗು ಎದ್ದೇಳಲು ಹೋದರೆ, ಉಸಿರಿನ ಕೊಳವೆ ಕಳಚಿದರೆ, ಬೇರೆಯೇ ಅನಾಹುತ. ಆದರೂ ಇದಕ್ಕಿಂತ ನಂಬಿಕಸ್ಥ ಪರೀಕ್ಷೆ ಆಗ ಇರಲಿಲ್ಲ. ಈಗಲೂ ಯಂತ್ರ ಗೊಂದಲ ಮಾಡಿದಾಗ ಇದೇ ಗತಿ.

ಯಂತ್ರವೂ ಬಂತು. 1970ರ ದಶಕದ ಕೊನೆಯ ಹೊತ್ತಿಗೆ ಜಪಾನ್, ಅಮೆರಿಕಗಳಲ್ಲಿ ಕಾಲಿನ ನರಕ್ಕೆ ಮಿಂಚು ಕೊಟ್ಟು ಅದು ಬೆನ್ನುಹುರಿ ಹಾದು ತಲೆಗೆ ತಲುಪಿತೇ ಎಂದು ನೋಡುವ ನಿಗಾ ವ್ಯವಸ್ಥೆ ಬಳಕೆಗೆ ಬಂತು. 1980ರಲ್ಲಿ ಲಂಡನ್ನಿನ ಮರ್ಟನ್ ಮತ್ತು ಮಾರ್ಟನ್ ತಲೆಬುರುಡೆಯ ಮೇಲಿಂದ ಮೆದುಳಿಗೆ ಮಿಂಚು ಕೊಟ್ಟು ಸ್ನಾಯು ಕುಣಿಯುವುದನ್ನು ತೋರಿಸಿದ ಮೇಲೆ ಇಳಿಯುವ ದಾರಿಯ ಪರೀಕ್ಷೆಯೂ ಸಾಧ್ಯವಾಯಿತು. 1995ರಲ್ಲಿ ನಿಗಾ ಇಟ್ಟು ಮಾಡಿದ 51,263 ಆಪರೇಷನ್‌ಗಳ ಸಮೀಕ್ಷೆಯೊಂದು ಪ್ರಕಟವಾಯಿತು. ನರದ ಹಾನಿ 0.55 ಶೇಕಡ. ಅದರೊಳಗಿನ ಒಂದು ಸಾಲು ನನಗೆ ಮುಖ್ಯ ಸಂಖ್ಯೆಗಿಂತ ಹೆಚ್ಚು ಹೇಳುತ್ತದೆ: ಒಂದೇ ಬಗೆಯ ಯಂತ್ರದ ಮುಂದೆ ಕೂತರೂ, ಪಳಗಿದ ತಂಡಗಳಲ್ಲಿ ಹಾನಿ ಹೊಸಬರ ತಂಡಗಳಿಗಿಂತ ಅರ್ಧಕ್ಕೂ ಕಡಿಮೆ.

ಈ ನಡುವೆ 1983ರಲ್ಲಿ ಫ್ರಾನ್ಸಿನ ಇವ್ ಕೊತ್ರೆಲ್ ಮತ್ತು ಜಾನ್ ದ್ಯುಬುಸೆ ಹ್ಯಾರಿಂಗ್ಟನ್ ಯುಗಕ್ಕೆ ತೆರೆ ಎಳೆದಿದ್ದರು. ಬೆನ್ನನ್ನು ಬರೀ ಉದ್ದಕ್ಕೆ ಎಳೆದರೆ ಸೊಂಟದ ಸಹಜ ಬಳುಕೂ ಹೋಗಿ ಬೆನ್ನು ಹಲಗೆಯಾಗುತ್ತದೆ, ಮುದಿತನದಲ್ಲಿ ನೇರ ನಿಲ್ಲಲಾಗದೆ ಮುಂದಕ್ಕೆ ವಾಲುತ್ತಾರೆ. ಹ್ಯಾರಿಂಗ್ಟನ್ ಸರಳಿನ ಹಳೆಯ ರೋಗಿಗಳಲ್ಲಿ ಇದು ಕಾಣಿಸತೊಡಗಿತ್ತು. ಬಾಗು ಮೂರು ಆಯಾಮದ್ದು, ತಿದ್ದುವುದೂ ಮೂರು ಆಯಾಮದಲ್ಲಿ ಆಗಬೇಕು ಎಂದರು ಈ ಇಬ್ಬರು. ಎರಡು ಸರಳು, ಹಲವು ಕೊಕ್ಕೆ, ಸರಳನ್ನೇ ತಿರುಗಿಸಿ ಪಕ್ಕದ ಬಾಗನ್ನು ಹಿಂಬದಿಯ ಬಳುಕಾಗಿ ಮಾರ್ಪಡಿಸುವುದು. ಸೊಂಟದಲ್ಲಿ ಕೊಕ್ಕೆಯ ಬದಲು ಸ್ಕ್ರೂ ಸೇರಿಕೊಂಡಿತು. ಎದೆಬೆನ್ನಿಗೆ ಹತ್ತುವುದೊಂದು ಬಾಕಿ.

ಹತ್ತುವ ಮೊದಲೇ ಸ್ಕ್ರೂ ಅಮೆರಿಕದಲ್ಲಿ ಕೋರ್ಟು ಕಂಡಿತು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಸ್ಕ್ರೂಗಳನ್ನು ಪೆಡಿಕಲ್ಲಿಗೆಂದು ಒಪ್ಪಿರಲಿಲ್ಲ. ಕೈಕಾಲಿನ ಮೂಳೆಗೆ, ಸೊಂಟದ ಕೆಳಗಿನ ತ್ರಿಕಾಸ್ಥಿಗೆ ಎಂಬ ಲೇಬಲ್ ಅಂಟಿಸಿಕೊಂಡು ಪೆಟ್ಟಿಗೆಯಲ್ಲಿ ಬಂದದ್ದು ಬೆನ್ನಿನ ಪೆಡಿಕಲ್ಲಿಗೆ ಹೋಗುತ್ತಿತ್ತು. ಒಪ್ಪಿಗೆ ಪಡೆದ ಸಾಧನವನ್ನು ವೈದ್ಯರು ಬೇರೆ ಜಾಗಕ್ಕೆ ಬಳಸುವುದು ಅಲ್ಲಿ ಅಪರಾಧವಲ್ಲ. ಕಂಪನಿ ಅದಕ್ಕೆಂದು ಪ್ರಚಾರ ಮಾಡುವುದು ತಪ್ಪು. 1993ರ ಡಿಸೆಂಬರಿನಲ್ಲಿ ಎಬಿಸಿ ವಾಹಿನಿಯ ‘20/20’ ಕಾರ್ಯಕ್ರಮ ಇದನ್ನು ಬಯಲಿಗೆಳೆದ ಮೇಲೆ ದಾವೆಗಳ ಮಳೆ. ಸಾವಿರಾರು ಮಂದಿ ಹೂಡಿದ ಮೊಕದ್ದಮೆಗಳನ್ನೆಲ್ಲ ಫಿಲಡೆಲ್ಫಿಯಾದ ಒಂದೇ ನ್ಯಾಯಾಲಯಕ್ಕೆ ಕಟ್ಟಿದರು. ಸ್ಕ್ರೂ ತಯಾರಿಸುತ್ತಿದ್ದ ಆಕ್ರೋಮೆಡ್ ಕಂಪನಿ 1996ರಲ್ಲಿ ಹತ್ತು ಕೋಟಿ ಡಾಲರಿಗೆ ರಾಜಿಯಾಯಿತು. ಕಂಪನಿಗಳ ಪರವಾಗಿ ಅನುಮತಿ ಪತ್ರ ಓಡಾಡಿಸಿದ ಬಕ್‌ಮನ್ ಎಂಬ ಸಲಹಾ ಸಂಸ್ಥೆಯ ಪ್ರಕರಣ 2001ರಲ್ಲಿ ಸುಪ್ರೀಂ ಕೋರ್ಟಿನ ತನಕ ಹೋಗಿ, ಎಫ್‌ಡಿಎಗೆ ಮೋಸ ಮಾಡಿದರೆಂದು ರಾಜ್ಯದ ಕಾನೂನಿನಡಿ ದಾವೆ ಹೂಡುವಂತಿಲ್ಲ ಎಂಬ ತೀರ್ಪಿಗೆ ಕಾರಣವಾಯಿತು.

ಗಲಾಟೆಯ ಒಂದು ಒಳ್ಳೆಯ ಫಲವೆಂದರೆ ಲೆಕ್ಕ ಕೊಡಲೇಬೇಕಾಯಿತು. ಬೆನ್ನಿನ ವೈದ್ಯರ ಸಂಘಗಳು, ಕಂಪನಿಗಳು ಸೇರಿ ಹಳೆಯ ಕಡತಗಳಿಂದ 314 ಸರ್ಜನ್‌ಗಳ 3,498 ರೋಗಿಗಳ ವಿವರ ಕಲೆಹಾಕಿ 1994ರಲ್ಲಿ ಪ್ರಕಟಿಸಿದವು. ಆಪಾದನೆ ಹೊತ್ತವರೇ ಸಾಕ್ಷಿ ಒದಗಿಸಿದ್ದಾರೆ ಎಂಬ ಗೊಣಗಾಟ ಸಹಜವೇ. 1998ರ ಜುಲೈನಲ್ಲಿ ಎಫ್‌ಡಿಎ ಸ್ಕ್ರೂವನ್ನು ಕಡಿಮೆ ಅಪಾಯದ ದರ್ಜೆಗೆ ಇಳಿಸಿತು. ಆ ಆದೇಶದಲ್ಲೂ ಒಂದು ಮಾತಿತ್ತು: ಮೂಳೆ ಬೆಳೆದು ಮುಗಿದವರಿಗೆ ಮಾತ್ರ. ಸ್ಕೋಲಿಯೋಸಿಸ್ ಆಪರೇಷನ್ನಿಗೆ ಬರುವವರಲ್ಲಿ ಬಹಳಷ್ಟು ಮಂದಿ ಇನ್ನೂ ಬೆಳೆಯುತ್ತಿರುವ ಮಕ್ಕಳು.

ಅಮೆರಿಕದ ವಕೀಲರು ಕಡತ ತಿರುವುತ್ತಿದ್ದಾಗ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಸೆ-ಇಲ್ ಸುಕ್ ಎಂಬ ಸರ್ಜನ್ ಬಾಗಿದ ಎದೆಬೆನ್ನಿನ ಪೆಡಿಕಲ್‌ಗಳಿಗೆ ಸ್ಕ್ರೂ ಹಾಕುತ್ತಲೇ ಇದ್ದರು. ಅವರ ಕ್ರಮ ಸರಳ. ಸ್ಕ್ರೂ ಹೋಗಬೇಕಾದ ಕಡೆಯಲ್ಲೆಲ್ಲ ಮೊದಲು ತೆಳುವಾದ ಸೂಜಿ ಕಡ್ಡಿ ನೆಟ್ಟು, ಎಕ್ಸ್‌-ರೇ ತೆಗೆದು, ಚಿತ್ರದಲ್ಲಿ ಪೆಡಿಕಲ್ಲಿನ ಉಂಗುರಕ್ಕೂ ಕಡ್ಡಿಯ ತುದಿಗೂ ಎಷ್ಟು ಅಂತರವಿದೆ ನೋಡಿ, ಅಷ್ಟು ಸರಿಸಿ, ಆಮೇಲೆ ಕೊರೆಯುವುದು. 1995ರಲ್ಲಿ ಅವರು 78 ರೋಗಿಗಳನ್ನು ಮೂರು ಗುಂಪಾಗಿ ಹೋಲಿಸಿದರು: ಕೊಕ್ಕೆ ಹಾಕಿದಲ್ಲಿ ಬಾಗು 55 ಶೇಕಡ ಇಳಿದರೆ, ಕೊಕ್ಕೆಯ ಜಾಗದಲ್ಲೇ ಸ್ಕ್ರೂ ಹಾಕಿದಲ್ಲಿ 66, ಕಶೇರು ಕಶೇರಿಗೂ ಸ್ಕ್ರೂ ಹಾಕಿದಲ್ಲಿ 72. ‘ಸರಿ, ಆದರೆ ಸುರಕ್ಷಿತವೇ’ ಎಂದು ಕೇಳುವವರಿಗೆ 2001ರಲ್ಲಿ ಉತ್ತರ ಬಂತು. 462 ರೋಗಿಗಳು, ಎದೆಬೆನ್ನಿನಲ್ಲಿ 4,604 ಸ್ಕ್ರೂ. ದಾರಿ ತಪ್ಪಿದ್ದು 67, ಅಂದರೆ ಒಂದೂವರೆ ಶೇಕಡ. ಒಬ್ಬರಿಗೆ ಕಾಲಿನ ಬಲ ತಾತ್ಕಾಲಿಕವಾಗಿ ಕುಗ್ಗಿ ಮರಳಿತ್ತು, ಮೂವರಲ್ಲಿ ಬೆನ್ನುಹುರಿಯ ಪೊರೆ ಹರಿದಿತ್ತು.

ಒಂದೂವರೆ ಎನ್ನುವ ಈ ಸಂಖ್ಯೆಯನ್ನು ಹಲವರು ನಂಬಲಿಲ್ಲ. ಅದಕ್ಕೆ ಕಾರಣವಾದ ಲೆಕ್ಕಗಳು ಬೇರೆ ಕಡೆಗಳಿಂದ ಬಂದಿದ್ದವು. ಅಮೆರಿಕದಲ್ಲಿ ಅಲೆಕ್ಸಾಂಡರ್ ವಕಾರೊ ಮತ್ತು ಸಂಗಡಿಗರು ಶವಗಳ ಎದೆಬೆನ್ನಿಗೆ 90 ಸ್ಕ್ರೂ ಹಾಕಿ ನೋಡಿದಾಗ 41 ಶೇಕಡ ಗೋಡೆ ಒಡೆದು ಹೊರಬಂದಿದ್ದವು. ಜರ್ಮನಿಯ ಮ್ಯೂನ್‌ಸ್ಟರಿನ ಲಿಲಿಯೆನ್‌ಕ್ವಿಸ್ಟ್ 1997ರಲ್ಲಿ ಸ್ಕೋಲಿಯೋಸಿಸ್ ರೋಗಿಗಳ 120 ಸ್ಕ್ರೂಗಳನ್ನು ಸಿ.ಟಿ. ಸ್ಕ್ಯಾನಿನಲ್ಲಿ ಇಣುಕಿದಾಗ ನಾಲ್ಕಕ್ಕೊಂದು ಗೋಡೆ ದಾಟಿತ್ತು. ಹಾಗೆ ದಾಟಿದ್ದರೂ ಆ ರೋಗಿಗಳ ಕಾಲು ನೆಟ್ಟಗೇ ಇದ್ದವು. ಹಾಗಾದರೆ ತಪ್ಪು ಯಾವುದು, ಅಪಾಯ ಯಾವುದು? 1990ರಲ್ಲಿ ಟೊರಾಂಟೊದ ಗೆರ್ಟ್ಸ್‌ಬೈನ್ ಮತ್ತು ರಾಬಿನ್ಸ್ 167 ಸ್ಕ್ರೂಗಳನ್ನು ಪರೀಕ್ಷಿಸಿ ಎರಡೆರಡು ಮಿಲಿಮೀಟರಿನ ಮೆಟ್ಟಿಲು ಹಾಕಿದ್ದರು. ಒಳಗೋಡೆಯಿಂದ ಬೆನ್ನುಹುರಿಯ ತನಕ ನಾಲ್ಕು ಮಿಲಿಮೀಟರ್ ಬಿಡುವಿರುವುದರಿಂದ ಅಷ್ಟರೊಳಗೆ ನುಗ್ಗಿದ ಸ್ಕ್ರೂ ಸಾಮಾನ್ಯವಾಗಿ ಕೇಡು ಮಾಡದು ಎಂಬುದು ಅವರ ತರ್ಕ. ಎಲ್ಲರೂ ಅದನ್ನೇ ಅಳತೆಗೋಲು ಮಾಡಿಕೊಂಡರು, ಇವತ್ತಿಗೂ ಅದೇ. ಆದರೆ ಅವರ ಸ್ಕ್ರೂಗಳು ಎದೆಯ ಎಂಟನೇ ಕಶೇರುವಿನಿಂದ ಕೆಳಗಿನವು. ಲಿಲಿಯೆನ್‌ಕ್ವಿಸ್ಟ್ ಮುಂದೆ ಅಳೆದು ತೋರಿಸಿದಂತೆ, ಎದೆಬೆನ್ನಿನ ಬಾಗು ಅತಿ ಹೆಚ್ಚಿರುವಲ್ಲಿ, ಬಾಗಿನ ಒಳಬದಿಗೆ ಬೆನ್ನುಹುರಿಯ ಪೊರೆಗೂ ಮೂಳೆಗೂ ನಡುವೆ ಉಳಿದಿರುವುದು ಒಂದು ಮಿಲಿಮೀಟರಿಗೂ ಕಡಿಮೆ. ಹೊರಬದಿಗೆ ಮೂರರಿಂದ ಐದು. ಒಂದೇ ಕಶೇರುವಿನಲ್ಲಿ ಬಾಗಿನ ಹೊರಬದಿಗೆ ಕ್ಷಮೆಯಿರುವ ತಪ್ಪಿಗೆ ಒಳಬದಿಗೆ ಕ್ಷಮೆಯಿಲ್ಲ.

ಅಮೆರಿಕದ ಸೇಂಟ್ ಲೂಯಿಸಿನಲ್ಲಿ ಲಾರೆನ್ಸ್ ಲೆಂಕಿ ಕಡ್ಡಿ ನೆಡುವುದನ್ನೂ ಬಿಟ್ಟರು. ಬರಿಗೈ ವಿಧಾನ ಎಂದು ಹೆಸರಾದ ಅವರ ಕ್ರಮದಲ್ಲಿ ಕಣ್ಣಿಗಿಂತ ಬೆರಳಿಗೆ ಹೆಚ್ಚು ಕೆಲಸ. ಕಶೇರುವಿನ ಹಿಂಬದಿಯನ್ನು ಮಾಂಸದ ಎಳೆ ಉಳಿಯದಂತೆ ಚೊಕ್ಕ ಮಾಡಿ, ಅಲ್ಲಿನ ಏಣು ತಗ್ಗುಗಳ ಗುರುತು ಹಿಡಿದು, ಪುಟ್ಟ ಯಂತ್ರದಿಂದ ಮೇಲಿನ ಗಟ್ಟಿ ಪದರ ತೂತು ಮಾಡುತ್ತಾರೆ. ತಳದಲ್ಲಿ ರಕ್ತ ಜಿನುಗಿ ಕೆಂಪಾದರೆ ಪೆಡಿಕಲ್ಲಿನ ಬಾಯಿ ಸಿಕ್ಕಿದೆ ಎಂದರ್ಥ. ಆಮೇಲೆ ತುದಿ ಮೊಂಡಾದ, ಸ್ವಲ್ಪ ಬಾಗಿದ ಉಕ್ಕಿನ ಕಡ್ಡಿ, ಗೇರ್‌ಶಿಫ್ಟ್ ಎನ್ನುತ್ತಾರೆ. ಮೊದಲ 15–20 ಮಿಲಿಮೀಟರ್ ಅದರ ಬಾಗು ಹೊರಮುಖವಾಗಿರಬೇಕು, ತಪ್ಪಿದರೂ ಬೆನ್ನುಹುರಿಯತ್ತ ತಪ್ಪಬಾರದು. ಅಷ್ಟು ಇಳಿದ ಮೇಲೆ ಹೊರಗೆ ತೆಗೆದು, ಬಾಗನ್ನು ಒಳಮುಖ ಮಾಡಿ, ಮತ್ತೆ ಅದೇ ತೂತಿನಲ್ಲಿ ಮುಂದಿನ ದುಂಡಿನೊಳಕ್ಕೆ. ಒಳಗಿನ ಮೂಳೆ ಮೆತ್ತಗೆ, ಹದವಾಗಿ ಬೆಂದ ಸುವರ್ಣಗಡ್ಡೆಗೆ ಚಾಕು ಇಳಿದಂತೆ ಒಂದೇ ಸಮ ಇಳಿಯಬೇಕು. ತಟ್ಟನೆ ಹಗುರಾಗಿ ಜಾರಿತೋ, ಗೋಡೆ ಒಡೆದಿದೆ. ಕಡ್ಡಿ ತೆಗೆದು ತುದಿಯಲ್ಲಿ ಗುಂಡು ಇರುವ ಸಪೂರ ತಂತಿ ಇಳಿಸಿ ಐದು ಕಡೆ ಮುಟ್ಟಿ ನೋಡುತ್ತಾರೆ: ತಳ, ಒಳಗೋಡೆ, ಹೊರಗೋಡೆ, ಮೇಲ್ಗೋಡೆ, ಕೆಳಗೋಡೆ. ಸ್ಕ್ರೂವಿನ ಸುರುಳಿ ಕೂರಲು ಮರೆ ಕೊರೆದು ಮತ್ತೆ ಐದೂ ಕಡೆ. ಆಮೇಲೆ ಸ್ಕ್ರೂ, ನಿಧಾನಕ್ಕೆ. ಅದೃಷ್ಟಕ್ಕೆ, ಪೆಡಿಕಲ್ಲಿನ ಒಳಗೋಡೆ ಹೊರಗೋಡೆಗಿಂತ ಎರಡು ಮೂರು ಪಟ್ಟು ದಪ್ಪ. ತಪ್ಪುವ ಸ್ಕ್ರೂ ಹೆಚ್ಚಾಗಿ ಹೊರಗಡೆಗೇ ತಪ್ಪುತ್ತದೆ.

2004ರಲ್ಲಿ ಲೆಂಕಿಯವರ ತಂಡ ಹತ್ತು ವರ್ಷಗಳ ಲೆಕ್ಕ ಕೊಟ್ಟಿತು. 394 ರೋಗಿಗಳು, 3,204 ಸ್ಕ್ರೂ. ಇವುಗಳಲ್ಲಿ 577ನ್ನು ಸಿ.ಟಿ.ಯಲ್ಲಿ ನೋಡಿದಾಗ ಗಣನೀಯವಾಗಿ ಗೋಡೆ ಒಡೆದದ್ದು 36, ಅಂದರೆ 6.2 ಶೇಕಡ, ಒಳಗೋಡೆ ಒಡೆದದ್ದು ಬರೀ ಹತ್ತು. ನರಕ್ಕಾಗಲಿ ರಕ್ತನಾಳಕ್ಕಾಗಲಿ ಹಾನಿ ಒಂದೂ ಇಲ್ಲ. ಈ ಪ್ರಬಂಧ ಬಂದ ಮೇಲೆ ಕೊಕ್ಕೆಯ ಕಾಲ ಮುಗಿಯಿತು ಎನ್ನಬಹುದು.

ಆದರೆ ಲೆಂಕಿಯ ಬೆರಳು ಎಲ್ಲರಿಗೂ ಇರುವುದಿಲ್ಲ. ವರ್ಜೀನಿಯಾ ವಿಶ್ವವಿದ್ಯಾಲಯದ ಹಿಕ್ಸ್ ಮತ್ತು ಸಂಗಡಿಗರು 2010ರಲ್ಲಿ ಸ್ಕೋಲಿಯೋಸಿಸ್ ಸ್ಕ್ರೂಗಳ ಬಗ್ಗೆ ಅಲ್ಲಿಯತನಕ ಬಂದ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರು. ಒಟ್ಟಾರೆ ವರದಿಯಾದ ತಪ್ಪು 4.2 ಶೇಕಡ. ಆಪರೇಷನ್ ಆದ ಎಲ್ಲರಿಗೂ ತಪ್ಪದೆ ಸಿ.ಟಿ. ಮಾಡಿದ ಅಧ್ಯಯನಗಳನ್ನಷ್ಟೇ ಆರಿಸಿಕೊಂಡರೆ 15.7. ಸ್ಕ್ರೂಗಳೂ ಅವೇ, ಕೈಗಳೂ ಹೆಚ್ಚು ಕಡಿಮೆ ಅಂಥವೇ. ಬೇರೆಯಾಗಿದ್ದುದು ನೋಡಿದ ಬಗೆ. ಹಾಗೆಂದು 15.7 ಎಲ್ಲವೂ ಕೈತಪ್ಪು ಎಂದೂ ಅಲ್ಲ. ಪೆಡಿಕಲ್ ತೀರ ಸಣಕಲಾಗಿದ್ದಲ್ಲಿ ಸರ್ಜನ್‌ಗಳು ಬೇಕೆಂದೇ ಹೊರಗೋಡೆಯಾಚೆ, ಪಕ್ಕೆಲುಬಿಗೆ ಒರಗಿಸಿ ಸ್ಕ್ರೂ ಒಯ್ದು ಮತ್ತೆ ಕಶೇರುವಿನೊಳಗೆ ನುಗ್ಗಿಸುವುದುಂಟು. ಸಿ.ಟಿ. ಅದನ್ನೂ ತಪ್ಪೆಂದೇ ತೋರಿಸುತ್ತದೆ.

ಬೆರಳಿನ ಪಳಗಿಕೆಯನ್ನು ಯಂತ್ರಕ್ಕೆ ಕಲಿಸುವ ಕೆಲಸ 1990ರ ದಶಕದಲ್ಲೇ ಸ್ವಿಟ್ಜರ್‌ಲೆಂಡಿನ ಬರ್ನ್‌ನಲ್ಲಿ ಲುಟ್ಜ್-ಪೀಟರ್ ನೋಲ್ಟೆ ಮೊದಲಾದವರಿಂದ ಶುರುವಾಗಿತ್ತು. ಸರ್ಜನ್‌ನ ಕೈಯಲ್ಲಿರುವ ಕಡ್ಡಿ ಯಾವ ಮೂಳೆಯೊಳಗೆ ಎಲ್ಲಿದೆ ಎಂಬುದನ್ನು ಕ್ಯಾಮೆರಾ ಹಿಂಬಾಲಿಸಿ ಪರದೆಯಲ್ಲಿ ತೋರಿಸುವ ನ್ಯಾವಿಗೇಶನ್ ಅದು. ಬಾಗಿದ ಎದೆಬೆನ್ನಿನಲ್ಲಿ ಇದು ನಿಜಕ್ಕೂ ಉಪಯೋಗವೇ ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರ ಬಂದದ್ದು ನಮ್ಮ ನೆರೆಯ ಕೊಯಮತ್ತೂರಿನಿಂದ. ಗಂಗಾ ಆಸ್ಪತ್ರೆಯ ಎಸ್. ರಾಜಶೇಖರನ್ ಮತ್ತು ಸಂಗಡಿಗರು 33 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪಾಗಿ ಹಂಚಿದರು. ಒಂದು ಗುಂಪಿಗೆ ಮಾಮೂಲಿನಂತೆ 236 ಸ್ಕ್ರೂ, ಇನ್ನೊಂದಕ್ಕೆ ಟೇಬಲ್ಲಿನ ಮೇಲೆಯೇ ಮೂರು ಆಯಾಮದ ಚಿತ್ರ ತೆಗೆದು ನ್ಯಾವಿಗೇಶನ್ ನೋಡಿಕೊಂಡು 242. 2007ರಲ್ಲಿ ಪ್ರಕಟವಾದ ಫಲಿತಾಂಶ: ಮೊದಲ ಗುಂಪಿನಲ್ಲಿ ಗೋಡೆ ಒಡೆದವು 54, ಎರಡನೆಯದರಲ್ಲಿ ಐದು. ಯಂತ್ರ ಬಂದರೆ ಕೆಲಸ ನಿಧಾನವಾಗುತ್ತದೆ ಎಂಬ ದೂರೂ ಅಲ್ಲಿ ನಿಲ್ಲಲಿಲ್ಲ; ಒಂದು ಸ್ಕ್ರೂಗೆ ಹಿಡಿದ ಹೊತ್ತು ನಾಲ್ಕೂವರೆ ನಿಮಿಷದಿಂದ ಸುಮಾರು ಎರಡೂಕಾಲಿಗೆ ಇಳಿದಿತ್ತು. ಸ್ಕ್ರೂ ಇತಿಹಾಸ ಬರೆಯುವವರು ಪ್ಯಾರಿಸ್, ಸೋಲ್, ಸೇಂಟ್ ಲೂಯಿಸ್ ಎಂದು ಎಣಿಸಿ ಕೊಯಮತ್ತೂರನ್ನು ಅಡಿಟಿಪ್ಪಣಿಗೆ ತಳ್ಳುವುದು ನನಗೆ ಸರಿಕಾಣದು. ಇಸ್ರೇಲಿನ ಟೆಕ್ನಿಯಾನ್‌ನ ಮೋಶೆ ಶೋಹಮ್ ರೂಪಿಸಿದ, ಸ್ಕ್ರೂ ಹಾಕಲು ನೆರವಾಗುವ ಪುಟ್ಟ ರೋಬಾಟಿಗೆ 2004ರಲ್ಲೇ ಎಫ್‌ಡಿಎ ಒಪ್ಪಿಗೆ ಸಿಕ್ಕಿತ್ತು. ರೋಬಾಟು, ನ್ಯಾವಿಗೇಶನ್ ಎರಡೂ ಈಗ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಿಗೂ ಬಂದಿವೆ.

ಆದರೆ ನೋಡುವುದಕ್ಕೂ ಬೆಲೆಯಿದೆ. ಅಮೆರಿಕದಲ್ಲಿ ಸ್ಕೋಲಿಯೋಸಿಸ್‌ಗೆಂದು ಹಿಂದೆ ಪದೇ ಪದೇ ಎಕ್ಸ್‌-ರೇ ತೆಗೆಸಿಕೊಂಡಿದ್ದ 5,573 ಹೆಂಗಸರನ್ನು ಹಿಂಬಾಲಿಸಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಸರಾಸರಿ ಒಬ್ಬೊಬ್ಬರಿಗೆ ಸುಮಾರು 25 ಎಕ್ಸ್‌-ರೇ ಆಗಿತ್ತು. ಸ್ತನ ಕ್ಯಾನ್ಸರಿನಿಂದ ಸುಮಾರು 46 ಸಾವು ನಿರೀಕ್ಷೆಯಿದ್ದಲ್ಲಿ 77 ಮಂದಿ ಸತ್ತಿದ್ದರು. ಬೆನ್ನಿನ ಹಿಂದಿನಿಂದ ಹಾಯುವ ಕಿರಣ ಎದೆಗೆ ಕಡಿಮೆ ತಾಗುತ್ತದೆ ಎಂದು ಈಗ ಹಾಗೆಯೇ ತೆಗೆಯುತ್ತಾರೆ. ಕಡಿಮೆ ಕಿರಣದಲ್ಲಿ ನಿಂತ ಭಂಗಿಯ ಚಿತ್ರ ತೆಗೆಯುವ ಇಒಎಸ್ ಯಂತ್ರ ಬಂದಿದೆ. 1992ರ ನೊಬೆಲ್ ಪಡೆದ ಭೌತವಿಜ್ಞಾನಿ ಜಾರ್ಜ್ ಶರ್ಪಾಕ್‌ರ ಶೋಧಕದ ಮೇಲೆ ನಿಂತ ಆ ಯಂತ್ರ ರೂಪಿಸಿದವರಲ್ಲಿ ನಮ್ಮ ಜಾನ್ ದ್ಯುಬುಸೆಯೂ ಒಬ್ಬರು. ಬಾಗು ಎಷ್ಟು ಡಿಗ್ರಿ ಎಂದು ಅದು ಚೆನ್ನಾಗಿ ಹೇಳುತ್ತದೆ. ಸ್ಕ್ರೂ ಗೋಡೆಯಾಚೆ ಎರಡು ಮಿಲಿಮೀಟರ್ ಹೋಗಿದೆಯೇ ಎಂದು ತಿಳಿಯಲು ಇನ್ನೂ ಸಿ.ಟಿ.ಯೇ ಬೇಕು, ಅದರಲ್ಲಿ ಕಿರಣ ಹೆಚ್ಚು. ಹಾಗಾಗಿ ಯಾವ ತೊಂದರೆಯೂ ಇಲ್ಲದ ಮಗುವಿಗೆ ಆಪರೇಷನ್ ನಂತರ ಸಿ.ಟಿ. ಮಾಡಿಸದಿರುವುದೇ ಹಲವು ಕಡೆ ರೂಢಿ.

ಬೇರೆ ಯಾವುದೋ ಕಾರಣಕ್ಕೆ ಸಿ.ಟಿ. ತೆಗೆದಾಗ ಆಕಸ್ಮಿಕವಾಗಿ ಕಣ್ಣಿಗೆ ಬೀಳುವ ಸ್ಕ್ರೂಗಳದ್ದು ಈಗಲೂ ಬಗೆಹರಿಯದ ವ್ಯಾಜ್ಯ. ಬಲಕ್ಕೆ ಬಾಗಿದ ಎದೆಬೆನ್ನಿನಲ್ಲಿ ಮಹಾಪಧಮನಿ ಎಡಕ್ಕೂ ಹಿಂದಕ್ಕೂ ಸರಿದು ಕಶೇರುವಿನ ಪಕ್ಕಕ್ಕೇ ಬಂದಿರುತ್ತದೆ. ಎಡಗಡೆ ಹೊರಗೋಡೆ ದಾಟಿದ ಸ್ಕ್ರೂವಿನ ತುದಿ ಅದನ್ನು ಮುಟ್ಟಿಕೊಂಡಿರುವುದು ಉಂಟು. ಹುಡುಗಿಗೆ ನೋವಿಲ್ಲ, ರಕ್ತನಾಳ ಸೋರಿಲ್ಲ. ಪ್ರತಿ ಬಡಿತಕ್ಕೂ ಲೋಹಕ್ಕೆ ಉಜ್ಜುವ ನಾಳ ಎಂದಾದರೊಂದು ದಿನ ತೆಳುವಾದೀತೆಂದು ಕೆಲವು ಸರ್ಜನ್‌ಗಳು ತೆಗೆಯಿಸುತ್ತಾರೆ. ಸುಮ್ಮನಿರುವ ಸ್ಕ್ರೂಗಾಗಿ ಮತ್ತೆ ಬೆನ್ನು ತೆರೆಯುವುದು ಬೇಡವೆಂದು ಕೆಲವರು ಕಾಯುತ್ತಾರೆ. ತೆಗೆಯುವುದೆಂದಾದರೆ, ಬೆಸುಗೆ ಗಟ್ಟಿಯಾದ ಮೇಲೆ ಒಂದು ಸ್ಕ್ರೂ ಹೋದರೂ ಬಾಗು ಮರಳುವ ಭಯವಿಲ್ಲ. ಆದರೂ ಆ ದಿನ ರಕ್ತನಾಳದ ಸರ್ಜನ್‌ರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಸ್ಕ್ರೂ ತಿರುಗಿಸುತ್ತಾರೆ.